ಹಾರ ಕೊರಳಿಗೆ ಹಾಕಿಕೊಂಡ ದುಂಡವ್ವ

ಹಿಂದಕ್ಕೊಂದು ಕಾಲವಿತ್ತಂತೆ, ಬಸ್ಸುಗಳಿಗೆಲ್ಲ ಉದ್ದನೆಯ ಮೂತಿ ಇದ್ದ ಕಾಲ. ಆಗ ಕರಿಕಲ್ಲು ಘಾಟಿಯ ನಡುವೆ ಒಂದೂರು, ಆ ಊರ ತಿರುವಿನಲ್ಲಿ ದುಂಡವ್ವ. ಏರು ಹತ್ತಿ ಕಾದು ಬಂದ ಗಾಡಿಗಳಿಗೆ ನೀರು ಕೊಡುವುದು ಅವಳ ಕೆಲಸ. ಗಾಡಿ ಮೂರು ತಿರುವು ಕೆಳಗಿರುವಾಗಲೇ ಸದ್ದು ಕೇಳಿ ಇಂಜಿನ್ನು ಕಾದದ್ದು ಹೇಳುತ್ತಿದ್ದಳಂತೆ. ಏಳು ತಿರುವು ಎನ್ನುವವರೂ ಇದ್ದಾರೆ. ದುಂಡವ್ವ ಇದ್ದಿದ್ದರೆ ಅಲ್ಲ ಎನ್ನುತ್ತಿರಲಿಲ್ಲ.

ಒಂದು ಸಲ, ಆಯುಧಪೂಜೆಯ ಮರುದಿನ, ಪರಸಪ್ಪ ಡ್ರೈವರನ ಬಸ್ಸು ಬಂತು. ಮೂತಿಯ ತುಂಬ ತೊಡೆ ದಪ್ಪದ ಚೆಂಡುಹೂವಿನ ಹಾರ, ಸಂದಿಗೊಂದಿಯಲ್ಲೆಲ್ಲ ಮಾವಿನ ತೊಪ್ಪಲು; ಮದುಮಗನೇ ನಾಚಬೇಕು. ಒಳಗೆ ಕಸ್ತೂರಿ ಎಂಬ ಬಸುರಿ ಹೆರಿಗೆ ನೋವು ತಿನ್ನುತ್ತಿದ್ದಳು. ಕೂಸು ಅಡ್ಡ ಬಿದ್ದಿತ್ತು, ಆಸ್ಪತ್ರೆ ಘಾಟಿಯ ಆಚೆ. ಬಸ್ಸು ಬುಸುಗುಡುತ್ತ ಅಲ್ಲೇ ನಿಂತಿತು.

ಪರಸಪ್ಪ ಓಡಿಬಂದು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ.

"ತೆಗಿಯೋ ಕೈ! ಮಾರಿ ಬೇಯಿಸ್ಕೊತಿಯೇನು? ಇಂಜಿನ್ನೂ ಆರಿಸಬ್ಯಾಡ," ಎಂದು ದುಂಡವ್ವ ಗದರಿದಳು.

ಬಗ್ಗಿ ನೋಡಿದಳು. ಎಲ್ಲೂ ನೀರು ಸೋರಿರಲಿಲ್ಲ. ಇಂಜಿನ್ನಿನ ಬೆಂಕಿಯ ಸುತ್ತ ಸುತ್ತಿದ ನೀರು ಕಾವು ಹೊತ್ತುಕೊಂಡು ಮುಂದಿನ ಜಾಲರಿಗೆ ಬರಬೇಕು, ಸಣ್ಣ ಸಣ್ಣ ಕೊಳವೆಗಳಲ್ಲಿ ಇಳಿಯುತ್ತ ಗಾಳಿಗೆ ಮೈಯೊಡ್ಡಬೇಕು, ತಣ್ಣಗಾಗಿ ಮತ್ತೆ ಒಳಗೆ ಹೋಗಬೇಕು. ಗಾಳಿಯ ದಾರಿಗೇ ಹೂ ಹೇರಿದ್ದರು.

ಅವಳು ಹಾರಕ್ಕೆ ಕುಡುಗೋಲು ಹಚ್ಚಿದಳು. ಕಸ್ತೂರಿಯ ಅತ್ತೆ ಚೀರಿದಳು. ಪೂಜೆಯ ಹಾರ ಗಾಡಿಯ ಮೇಲೇ ಒಣಗಬೇಕು, ಹಸಿ ಹಾರ ಕಿತ್ತರೆ ಕೇಡು, ಇದು ಆ ಸೀಮೆಯ ಕಟ್ಟು.

"ಬಸುರಿ ಅದಾಳ ಯವ್ವಾ, ಕೇಡು ಯಾರಿಗೆ ತಟ್ಟೀತು!"

"ದೇವರ ಹಾರ ಇಳಿಸಬಾರ್ದಲ್ಲ? ಏರಿಸ್ತೀನಿ ತಗೋ," ಎಂದವಳೇ ಹಾರ ಕಿತ್ತು ತನ್ನ ಕೊರಳಿಗೆ ಹಾಕಿಕೊಂಡಳಂತೆ. "ಕೇಡು ಬಂದ್ರ ವಿಳಾಸ ಇಲ್ಲೈತಿ."

ಸಂದಿಯ ತೊಪ್ಪಲನ್ನೂ ಕಿತ್ತು ತೆಗೆದಳು. ಫ್ಯಾನು ಗಾಳಿ ಎಳೆಯಿತು. ಬುಸುಗುಡುವುದು ನಿಂತಿತು, ಕಾವು ತೋರಿಸುವ ಮುಳ್ಳು ಇಳಿಯಿತು. ಬಸ್ಸು ಘಾಟಿ ದಾಟಿತು. ತಾಯಿಯೂ ಉಳಿದಳು, ಮಗಳೂ ಉಳಿದಳು. ದುಂಡವ್ವ ಆ ಹಾರ ಒಣಗಿ ಉದುರುವತನಕ ಕೊರಳಿನಿಂದ ತೆಗೆಯಲಿಲ್ಲವಂತೆ. ಕೇಡು ಅತ್ತ ಸುಳಿಯಲೂ ಇಲ್ಲವಂತೆ.

ಇಂದಿಗೂ ಆ ಘಾಟಿಯವರು ಆಯುಧಪೂಜೆಯ ದಿನ ಗಾಡಿಯ ಜಾಲರಿಗೆ ಕುಂಕುಮದ ಬೊಟ್ಟಷ್ಟೇ ಇಡುತ್ತಾರೆ. ಹಾರವನ್ನು ಮನೆಯ ಹಿರಿಯ ಹೆಂಗಸಿನ ಕೊರಳಿಗೆ ಹಾಕಿ, ಅವಳು "ಹೂಂ, ಹೊಂಡ್ರಿ" ಎಂದ ಮೇಲೆಯೇ ಗಾಡಿ ಶುರು ಮಾಡುತ್ತಾರೆ.