ಮಾತಾಡಿದ ಸೆರಗು

ಮಗ್ಗದ ಕಂಪ್ಯೂಟರಿನಲ್ಲಿ ಮದುವೆ ಸೀರೆಯ ಸೆರಗಿನ ಚಿತ್ರ ತಪ್ಪಾಗಿ ನೀಲಿಯಾಗಿತ್ತು. ಇಳಕಲ್ ಸೀರೆಯ ಸೆರಗು ಕೆಂಪಾಗಿರಬೇಕು. ಹಾಗೆಯೇ ಮಗ್ಗ ಓಡಿದರೆ ರೇಷ್ಮೆಯೆಲ್ಲ ಹಾಳು. ಸರಿಪಡಿಸಲು ನೇಕಾರ್ತಿ ನಿಂಬೆವ್ವ ಬಂದು ಕೂತಳು.

ಬರೆದ ಅಪ್ಪಣೆಯನ್ನಷ್ಟೇ ಕೇಳುವ ಕಪ್ಪು ಪರದೆಯ ಕಮಾಂಡ್ ಗದರಿತು: "ಏನು ಮಾಡಬೇಕು, ಮೊದಲು ಅದನ್ನು ಬರೆ. ಯಾವುದಕ್ಕೆ ಎಂಬುದನ್ನು ಆಮೇಲೆ ಬರೆ. ಒಂದಕ್ಷರ ತಪ್ಪಿದರೂ ನಾನು ಕೇಳುವವನಲ್ಲ."

"ಎಷ್ಟು ಸೊಕ್ಕೋ ನಿನಗ! ಮೊದಲು ಸೀರಿ ಕೈಗೆ ಬರಬೇಕು, ಆಮ್ಯಾಲ ಅಲ್ಲೇನು ಉಡೂದೋ ಮಡಚೂದೋ?" ಎಂದಳು ನಿಂಬೆವ್ವ.

ಪಕ್ಕದ ಮೆನು ತನ್ನ ಉದ್ದದ ಪಟ್ಟಿ ಬಿಚ್ಚಿತು: "ಎಲ್ಲ ಓದು. ನಿನಗೆ ಬೇಕಾದ್ದು ಎಲ್ಲೋ ಇದ್ದೀತು."

"ಓದೂದರಾಗ ಮದುವಿ ಮುಗೀತದ!"

ಆಗ ಪರದೆಯ ಮೇಲಿದ್ದ ಸೆರಗಿನ ಚಿತ್ರವೇ ಕೂಗಿತು: "ಅವ್ವಾ, ನನ್ನನ್ನು ಮುಟ್ಟು! ನನಗೆ ಏನೇನು ಮಾಡಬಹುದೋ ನಾನೇ ಹೇಳುತ್ತೇನೆ."

ನಿಂಬೆವ್ವ ಮುಟ್ಟಿದಳು. ಸೆರಗು ತಾನು ಉಡಬಲ್ಲ ಬಣ್ಣಗಳನ್ನೆಲ್ಲ ಅವಳ ಮುಂದೆ ಹರಡಿತು. ಅವಳು ಕೆಂಪನ್ನು ಒತ್ತಿದಳು.

ಸೆರಗು ಕಮಾಂಡ್ ಕಡೆ ತಿರುಗಿತು: "ತಗೋ, ನಿನ್ನ ಅಕ್ಷರಗಳನ್ನು ನಾನೇ ಬರೆದಿದ್ದೇನೆ. ಕೆಂಪು ಮಾಡು!"

ಕಮಾಂಡ್ ಹೇಳಿದಂತೆ ಮಾಡಿತು. ಮಗ್ಗ ಓಡಿತು, ಕೆಂಡದಂಥ ಸೆರಗು ಇಳಿದು ಬಂತು. ದೊರೆಯಂತೆ ಗದರಿದ್ದ ಕಮಾಂಡ್ ಕೊನೆಗೆ ಆಳಾಗಿ ದುಡಿಯಿತು. ಯಂತ್ರದ ಜಾಗ ಅದೇ!