ಓಗೊಡುವವನು

“ಗುರುಗಳೇ, ‘ವಿಶ್ವಾಸ’ ಎಂಬ ಮಾತಿನ ಬೇರು ‘ಶ್ವಸ್’ ಎಂಬ ಧಾತು. ಉಸಿರಾಡುವುದು ಎಂದು ಅದರ ಅರ್ಥ. ನಂಬಿಕೆಗೂ ಉಸಿರಿಗೂ ಎಲ್ಲಿಯ ನಂಟು? ಶಾಸ್ತ್ರಗಳು ಶ್ರದ್ಧೆ ಎನ್ನುತ್ತವೆ, ನಿಷ್ಠೆ ಎನ್ನುತ್ತವೆ. ಇವೆಲ್ಲ ಒಂದೆಯೋ, ಬೇರೆಬೇರೆಯೋ?”

ಕೇಳಿದವನು ನಿರ್ವಾಣಪ್ಪ, ಮಠದ ಶಿಷ್ಯ. ಕೇಳಬೇಕಾದ್ದಕ್ಕಿಂತ ಜೋರಾಗಿಯೇ ಕೇಳಿದ. ಹೊರಗೆ ಅಂಗಳದಲ್ಲಿ ಟಕ್ ಟಕ್ ಎಂದು ಕೋಲಿನ ಸದ್ದಾಗುತ್ತಿತ್ತು. ಅದು ತನ್ನ ಕಿವಿಗೆ ಬೀಳದಿರಲಿ ಎಂದು ಅವನ ಆಸೆ.

ಆ ಕೋಲು ಕಲ್ಲಯ್ಯಜ್ಜನದು. ಅಜ್ಜನಿಗೆ ಕಣ್ಣು ಕಾಣದು. ಅವನ ಕೈಹಿಡಿದು ಹೊಳೆಗೆ ಕರೆದೊಯ್ದು ಕರೆತರುವ ಸೇವೆಯನ್ನು ನಿರ್ವಾಣಪ್ಪನೇ ಬೇಡಿ ಪಡೆದಿದ್ದ. ನಿನ್ನೆ ಅಜ್ಜನನ್ನು ಸೊಂಟದ ಮಟ್ಟದ ನೀರಿನಲ್ಲಿ ನಿಲ್ಲಿಸಿ, “ಇಲ್ಲೇ ಇದ್ದೇನೆ ಅಜ್ಜಾ” ಎಂದು ದಡಕ್ಕೆ ಬಂದ. ದಾರಿಯಲ್ಲಿ ಪಂಡಿತರೊಬ್ಬರು ಹೋಗುತ್ತಿದ್ದರು. ಹೊಸದಾಗಿ ಕಲಿತ ಧಾತುವನ್ನು ಅವರೆದುರು ಒಪ್ಪಿಸುವ ಹುಮ್ಮಸ್ಸಿನಲ್ಲಿ ಅವರ ಬೆನ್ನು ಹತ್ತಿದ. ಹಿಂತಿರುಗುವ ಹೊತ್ತಿಗೆ ಅಜ್ಜ ಕರೆದು ಕರೆದು ಸಾಕಾಗಿ, ತಡವರಿಸುತ್ತ ತಾನೇ ಮೇಲೆ ಹತ್ತಿ, ಮೊಣಕಾಲು ತರಚಿಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ಒಂದು ಮಾತೂ ಬೈಯಲಿಲ್ಲ. ಇಂದು ಬೆಳಿಗ್ಗೆ ಯಾರಿಂದಲೋ ಒಂದು ಕೋಲು ತರಿಸಿಕೊಂಡು ಒಬ್ಬನೇ ಹೊಳೆಗೆ ಹೋಗಿಬಂದ. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತ್ತು ನಿರ್ವಾಣಪ್ಪನಿಗೆ. ಅಜ್ಜ ಇನ್ನು ತನ್ನ ಕೈ ಹಿಡಿಯುವನೋ ಇಲ್ಲವೋ ಎಂಬುದೊಂದೇ ಅವನನ್ನು ಕೊರೆಯುತ್ತಿತ್ತು. ಗುರುಗಳಿಗೆ ಇದೆಲ್ಲ ತಿಳಿದಿದೆಯೇ ಎಂಬುದು ಅವನಿಗೆ ಗೊತ್ತಿರಲಿಲ್ಲ.

“ಭಲೇ! ಬೇರಿನವರೆಗೂ ಅಗೆದುಬಿಟ್ಟಿದ್ದೀಯ. ಗಿಡ ಉಳಿಯಿತೋ ಇಲ್ಲವೋ ನೋಡೋಣ, ಕೂತುಕೋ” ಎಂದು ಗುರುಗಳು ಕತೆ ತೆಗೆದರು.

“ಕಾಡಿನಂಚಿನಲ್ಲಿ ಒಬ್ಬ ಜೇನು ಕೀಳುವವನಿದ್ದ. ಹೆಜ್ಜೇನು ನಮ್ಮ ನಿಮ್ಮ ಹಿತ್ತಿಲಿಗೆ ಬಂದು ಕಟ್ಟುತ್ತದೆಯೇ? ಕಡಿದಾದ ಬಂಡೆಯ ಹೊಟ್ಟೆಯಲ್ಲಿ ಕಟ್ಟುತ್ತದೆ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮೇಲಿನಿಂದ ಇಳಿಯಬೇಕು. ಆ ಹಗ್ಗ ಹಿಡಿಯುವವರು ಯಾರು? ಆ ಜನರಲ್ಲಿ ಒಂದು ಕಟ್ಟಳೆ. ಹೆಂಡತಿಯ ತಮ್ಮನೇ ಹಿಡಿಯಬೇಕು. ಸ್ವಂತ ಅಣ್ಣತಮ್ಮಂದಿರೂ ಸಲ್ಲರು. ಅವರಿಗೆ ಪಾಲಿನ ಮೇಲೆ ಕಣ್ಣಿದ್ದೀತು. ಅಕ್ಕನ ಬಾಳು ಹಾಳಾಗಲಿ ಎನ್ನುವ ತಮ್ಮ ಮಾತ್ರ ಇರಲಾರ, ಇದು ಅವರ ಎಣಿಕೆ.

“ಕೆಳಗಿದ್ದವನಿಗೆ ಮೇಲಿನವನು ಕಾಣುವುದಿಲ್ಲ, ಬಂಡೆ ಅಡ್ಡ. ಅದಕ್ಕೆ ಕೆಳಗಿನಿಂದ ಆಗಾಗ ‘ತಮ್ಮಾ’ ಎಂದು ಕರೆಯುತ್ತಾನೆ. ಮೇಲಿನವನು ‘ಓ’ ಎನ್ನಬೇಕು. ಅಷ್ಟೇ. ಆ ‘ಓ’ ಕೇಳಿದ ಮೇಲೆ ಕೆಳಗಿದ್ದವನು ಬಿಗಿಹಿಡಿದ ಉಸಿರು ಬಿಡುತ್ತಾನೆ. ನಿನ್ನ ಧಾತು ಅಲ್ಲಿ ನೇತಾಡುತ್ತಿದೆ ನೋಡಪ್ಪಾ. ಇತ್ತ ನಮ್ಮ ಕನ್ನಡದ್ದೂ ಒಂದು ಮಾತಿದೆ, ಓಗೊಡುವುದು ಎಂದು. ಓ ಕೊಡುವುದು. ಅದನ್ನು ಯಾರೂ ಅಗೆದು ನೋಡುವುದಿಲ್ಲ, ಮೇಲೆಯೇ ಇದೆಯಲ್ಲ!”

ನಿರ್ವಾಣಪ್ಪ ಅಂಗಳದತ್ತ ನೋಡಿದ. ಹೊಳೆಯಲ್ಲಿ ಅಜ್ಜ ಎಷ್ಟು ಸಲ ಕರೆದನೋ.

“ಒಂದು ದಿನ ಭಾವ ಕೆಳಗೆ ಇಳಿದಿದ್ದಾನೆ, ತಮ್ಮ ಮೇಲೆ ಹಗ್ಗ ಹಿಡಿದು ಕೂತಿದ್ದಾನೆ. ಆ ದಾರಿಯಲ್ಲಿ ಒಬ್ಬ ವ್ಯಾಪಾರಿ ಬಂದ. ‘ಹಗ್ಗದ ತುದಿಯಲ್ಲಿ ಏನಿದೆ?’ ಎಂದು ಕೇಳಿದ. ‘ನಮ್ಮ ಭಾವ. ಪ್ರಾಣವನ್ನೇ ನನ್ನ ಕೈಗೆ ಕೊಟ್ಟು ಇಳಿಯುತ್ತಾನೆ’ ಎಂದ ತಮ್ಮ. ‘ಅಬ್ಬಾ, ಎಂಥ ನಂಬಿಕೆಯ ಮನುಷ್ಯನಯ್ಯಾ ನೀನು!’ ಎಂದ ವ್ಯಾಪಾರಿ.

“ಸರಿ, ಆಯಿತಲ್ಲ! ತಮ್ಮ ಉಬ್ಬಿಹೋದ. ತನ್ನ ನಂಬಿಗಸ್ತಿಕೆಯ ಕತೆಯನ್ನು ಮೊದಲಿನಿಂದ ಹೇಳತೊಡಗಿದ. ಕೈ ಆಡಿಸದೆ ತನ್ನನ್ನು ತಾನು ಹೊಗಳಿಕೊಳ್ಳಲು ಯಾರಿಗೆ ಬರುತ್ತದೆ? ಹಗ್ಗವನ್ನು ಒಂದು ಕಲ್ಲಿಗೆ ಸುತ್ತಿಟ್ಟ. ಬಿಸಿಲು ಜೋರಾಗಿತ್ತು, ಇಬ್ಬರೂ ನೆರಳಿಗೆ ಸರಿದರು. ಕೆಳಗೆ ಹೆಜ್ಜೇನು ಎದ್ದಿತು. ಭಾವ ‘ತಮ್ಮಾ’ ಎಂದ. ಓ ಇಲ್ಲ. ಮತ್ತೆ ಕೂಗಿದ. ಇಲ್ಲ. ಕೊನೆಗೆ ಹಗ್ಗವನ್ನು ತಾನೇ ಹಿಡಿದು ಹಿಡಿದು ಮೇಲೆ ಹತ್ತಿದ. ಮುಖವೆಲ್ಲ ಊದಿ ಕಣ್ಣುಗಳು ಮುಚ್ಚಿಹೋಗಿದ್ದವು. ಬಂಡೆಯ ಅಂಚಿಗೆ ಬಂದಾಗ ಅವನಿಗೆ ಮೊದಲು ಕೇಳಿಸಿದ್ದು ತಮ್ಮನ ದನಿ: ‘ನಾನಿರುವ ತನಕ ನಮ್ಮ ಭಾವನಿಗೆ ಯಾವ ಭಯವೂ ಇಲ್ಲ.’”

ನಿರ್ವಾಣಪ್ಪ ನೆಲ ನೋಡುತ್ತಿದ್ದ. ಪಂಡಿತರ ಮುಂದೆ ತಾನು ಆಡಿಸಿದ ಕೈಗಳನ್ನು ಈಗ ಎಲ್ಲಿ ಬಚ್ಚಿಡಬೇಕೋ ತಿಳಿಯದೆ ತೊಡೆಯ ಕೆಳಗೆ ಸೇರಿಸಿಕೊಂಡ.

“ಭಾವ ಜಗಳ ತೆಗೆಯಲಿಲ್ಲ. ಅಕ್ಕ ಎಂದಿನಂತೆ ತಮ್ಮನಿಗೆ ಬಡಿಸಿದಳು. ಮುಂದಿನ ಜೇನಿನ ಕಾಲ ಬಂತು. ಭಾವ ಯಾರನ್ನೂ ಕರೆಯದೆ ಬಂಡೆಗೆ ಹೋಗಿ, ಅಂಚಿನಲ್ಲಿದ್ದ ಮರಕ್ಕೆ ಹಗ್ಗ ಬಿಗಿಯತೊಡಗಿದ. ತಮ್ಮ ಏದುಸಿರು ಬಿಡುತ್ತ ಓಡಿಬಂದ. ‘ಭಾವಾ, ನಾನಿದ್ದೇನಲ್ಲ?’ ಎಂದ. ಭಾವ ಗಂಟನ್ನು ಎಳೆದು ನೋಡಿ, ‘ನಿನಗೇಕೆ ತೊಂದರೆ ತಮ್ಮಾ? ಮರ ನಿಂತಿದೆಯಲ್ಲ’ ಎಂದು ಇಳಿದುಹೋದ.”

ನಿಷ್ಠೆ ಎಂದರೂ ನಿಲ್ಲುವುದೇ. ‘ಸ್ಥಾ’ ಎಂಬ ಆ ಧಾತುವೂ ನಿರ್ವಾಣಪ್ಪನಿಗೆ ಬಾಯಿಪಾಠವಿತ್ತು. ಹೇಳಲು ನಾಲಿಗೆ ಏಳಲಿಲ್ಲ. ಗುರುಗಳಿಗೆ ಎಲ್ಲವೂ ತಿಳಿದಿದೆ ಎಂಬುದು ಈಗ ಖಚಿತವಾಯಿತು.

“ಆಮೇಲೆ ಭಾವ ಅವನನ್ನು ಮತ್ತೆ ನಂಬಿದನೇ, ಗುರುಗಳೇ?” ಎಂದು ಮೆಲ್ಲಗೆ ಕೇಳಿದ. ಅವನು ನಿಜವಾಗಿ ಕೇಳಬೇಕೆಂದಿದ್ದ ಪ್ರಶ್ನೆ ಇದೊಂದೇ.

“ಅದು ಭಾವನಿಗೆ ಬಿಟ್ಟದ್ದು. ನನಗೆ ಗೊತ್ತಿರುವುದು ತಮ್ಮನ ಸುದ್ದಿ. ಅವನು ಹೋಗಿ ಆ ಮರದ ಬುಡದಲ್ಲಿ ಕೂತ. ಕೆಳಗಿನಿಂದ ಯಾರೂ ಕರೆಯಲಿಲ್ಲ. ಆದರೂ ಆಗಾಗ ‘ಓ’ ಎನ್ನುತ್ತಿದ್ದನಂತೆ. ದಾರಿಹೋಕರು ಇವನಿಗೆ ತಲೆ ಕೆಟ್ಟಿದೆ ಎಂದು ನಕ್ಕರು. ಆ ವರ್ಷವೂ ಕೂತ, ಮರುವರ್ಷವೂ ಕೂತ.”

ಹೊರಗೆ ಕೋಲಿನ ಸದ್ದು ನಿಂತಿತು. ಅಂಗಳದಲ್ಲಿ ಅಜ್ಜನಿಗೆ ದಾರಿ ತಪ್ಪಿರಬೇಕು. ದಿನವೂ “ನಿರ್ವಾಣೀ” ಎಂದು ಕರೆಯುತ್ತಿದ್ದ ಅದೇ ದನಿ, “ಅಲ್ಲಿ ಯಾರಾದರೂ ಇದ್ದೀರಾ?” ಎಂದಿತು.

ತನ್ನ ಹೆಸರು ಬರಲಿಲ್ಲ. ನಿರ್ವಾಣಪ್ಪ ತಲೆ ತಗ್ಗಿಸಿ ಕೂತೇ ಇದ್ದ.

ಗುರುಗಳು ಅವನತ್ತ ತಿರುಗಿ ಹೇಳಿದರು: “ಹೆಸರು ಹಿಡಿದು ಕರೆದರೆ ಮಾತ್ರ ಓ ಎನ್ನುವೆಯೇನು?”