ಹಸಿ ಮಣ್ಣಿಗೆ ಹಾಕಿದ ಬೀಗ

“ಗುರುಗಳೇ, ಯಾವ ಪೆಟ್ಟೂ ಒಳಗೆ ಬಾರದ ಹಾಗೆ ಮನಸ್ಸನ್ನು ಭದ್ರ ಮಾಡಿಕೊಳ್ಳುವುದು ಹೇಗೆ?”

ಕೇಳಿದವನು ಚನ್ನವೀರ, ಮಠದ ಶಿಷ್ಯ. ಊರಿಗೆ ಹೋಗಿ ತನ್ನ ತಮ್ಮನನ್ನು ಮಣ್ಣು ಮಾಡಿ ಹಿಂದಿನ ವಾರವಷ್ಟೇ ಮರಳಿದ್ದ. ಬಂದವನೇ ಕಸಬರಿಗೆ ಹಿಡಿದು ಅಂಗಳ ಗುಡಿಸಿದ. ಪಾಠ ಬಿಡಲಿಲ್ಲ, ಪೂಜೆ ಬಿಡಲಿಲ್ಲ. ಎಂಥ ಗಟ್ಟಿ ಮನುಷ್ಯ ಎಂದು ಮಠಕ್ಕೆ ಬಂದವರೆಲ್ಲ ಹೊಗಳಿದರು. ಆದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಬಾಗಿಲ ಸದ್ದಾದರೂ ಬೆಚ್ಚಿ ಬೀಳುತ್ತಿದ್ದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು.

“ಭದ್ರ ಮಾಡಿಕೊಳ್ಳಬೇಕೇ? ಆಗಲಿ. ಭದ್ರ ಮಾಡುವುದರಲ್ಲಿ ನಿನ್ನನ್ನೂ ಮೀರಿಸಿದವನೊಬ್ಬನಿದ್ದ. ಅವನ ಕತೆ ಹೇಳುತ್ತೇನೆ, ಕೇಳು. ನಡುವೆ ಬಾಯಿ ಹಾಕಬೇಡ” ಎಂದು ಹೇಳತೊಡಗಿದರು.

ಬಿಸಿಲು ನಾಡಿನ ಒಂದು ಪಟ್ಟಣದಲ್ಲಿ ಒಬ್ಬ ವ್ಯಾಪಾರಿಯಿದ್ದ. ಬೀಗ, ಚಿಲಕ, ಕೊಂಡಿ, ಸರಪಳಿ ಮಾರುವುದು ಅವನ ಕಸುಬು. ಸರಿಯಾದ ಬೀಗ ಹಾಕಿದರೆ ಯಾವ ಕೇಡೂ ಮನೆಯೊಳಗೆ ಬಾರದು ಎಂಬುದು ಅವನ ನಂಬಿಕೆ. ಅವನ ಮನೆಯಲ್ಲಿ ಸಕ್ಕರೆ ಡಬ್ಬಿಗೂ ಬೀಗವಿತ್ತು. ನಗಬೇಡ, ನಿಜವಾಗಿಯೂ ಇತ್ತು.

ಅವನಿಗೆ ಒಬ್ಬಳೇ ಮಗಳು. ಆ ಕೂಸಿಗೆ ಹುಟ್ಟಿನಿಂದಲೇ ಬೆವರು ಬರುತ್ತಿರಲಿಲ್ಲ. ಬೆವರು ಬಾರದಿದ್ದರೆ ಒಳ್ಳೆಯದೇ ಆಯಿತಲ್ಲ ಎಂದು ನೆರೆಯವರು ಮೊದಮೊದಲು ತಮಾಷೆ ಮಾಡಿದರು. ಪಾಪ, ಅವರಿಗೇನು ಗೊತ್ತು! ನಮ್ಮ ಮೈಯ ಬಿಸಿ ಬೆವರಿನ ಜೊತೆ ಹೊರಗೆ ಹೋಗುತ್ತದೆ. ಆ ಕೂಸಿನ ಬಿಸಿ ಒಳಗೇ ಉಳಿಯುತ್ತಿತ್ತು. ಬೇಸಿಗೆ ಬಂತೆಂದರೆ ಮೈ ಕಾದ ಹೆಂಚಾಗುತ್ತಿತ್ತು, ಕಣ್ಣು ತೇಲುತ್ತಿದ್ದವು. ಕೂಸನ್ನು ತಂಪಿನಲ್ಲಿಡಿ, ಜ್ವರ ನೆತ್ತಿಗೇರಿದರೆ ಉಳಿಸಿಕೊಳ್ಳುವುದು ಕಷ್ಟ ಎಂದು ವೈದ್ಯರು ಬಿಡಿಸಿ ಹೇಳಿದರು.

ವ್ಯಾಪಾರಿ ಮರುದಿನವೇ ಮನೆಯ ಒಂದು ಕೋಣೆಗೆ ಏಸಿ ಹಾಕಿಸಿದ. ಕೂಸು ಆ ಒಂದು ಕೋಣೆಯಲ್ಲಿ ಆಡಿತು, ಉಂಡಿತು, ಮಲಗಿತು. ಏಸಿಯ ಸದ್ದು ಕೇಳುತ್ತಿದ್ದರೆ ತಂದೆತಾಯಿಗೆ ಜೀವ ನೆಲೆಯಲ್ಲಿರುತ್ತಿತ್ತು.

ಮಳೆಗಾಲಕ್ಕೆ ಮುಂಚೆ ಒಂದು ಸಂಜೆ ಬೀದಿಯ ಕರೆಂಟು ಕಂಬಕ್ಕೆ ಸಿಡಿಲು ಬಡಿಯಿತು. ಸಿಡಿಲಿನ ಹೊಡೆತ ತಂತಿ ಹಿಡಿದು ಮನೆಯೊಳಕ್ಕೆ ನುಗ್ಗಿತು. ಏಸಿ ಚಟ್ಟೆಂದಿತು. ಸುಟ್ಟ ವಾಸನೆ ಬಂತು. ಮೆಕ್ಯಾನಿಕ್ ಬಂದು ಬಿಚ್ಚಿ ನೋಡಿದರೆ ಒಳಗಿನ ಬೋರ್ಡು ಕರಕಲಾಗಿತ್ತು. ಹೊಸ ಬೋರ್ಡು ಬೇರೆ ಊರಿನಿಂದ ಬರಬೇಕು, ತಡವಾಗುತ್ತದೆ ಎಂದ ಅವನು.

ಅಯ್ಯೋ, ಆ ದಿನಗಳು ಹಗೆಯವನಿಗೂ ಬೇಡ. ತಾಯಿ ಬಟ್ಟೆ ನೆನೆಸುವಳು, ಕೂಸಿಗೆ ಸುತ್ತುವಳು, ಅದು ಒಣಗುವಷ್ಟರಲ್ಲಿ ಇನ್ನೊಂದನ್ನು ನೆನೆಸುವಳು. ಮೊರದಿಂದ ಗಾಳಿ ಹಾಕಿ ಹಾಕಿ ಅವಳ ಭುಜ ಬಿದ್ದುಹೋಯಿತು. ತಂದೆ ಕೂಸಿನ ಹಣೆ ಮುಟ್ಟುವನು, ಬಾಗಿಲಿಗೆ ಹೋಗುವನು, ಮತ್ತೆ ಬಂದು ಹಣೆ ಮುಟ್ಟುವನು. ಅಂತೂ ಬೋರ್ಡು ಬಂತು. ಏಸಿ ಮತ್ತೆ ಓಡಿತು. ಕೂಸು ಉಳಿಯಿತು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಆದರೂ ಹಾಕದೆ ಇರುವುದಕ್ಕಿಂತ ವಾಸಿ, ಅಲ್ಲವೇ? ಇನ್ನೊಮ್ಮೆ ಹೀಗಾಗಬಾರದು, ಏನು ಬೇಕೋ ಎಲ್ಲವನ್ನೂ ಹಾಕು ಎಂದು ಮೆಕ್ಯಾನಿಕ್‌ಗೆ ಹೇಳಿ ವ್ಯಾಪಾರಿ ಅಂಗಡಿಗೆ ಹೋದ. ಮೆಕ್ಯಾನಿಕ್ ಮೀಟರಿನ ಪಕ್ಕ ಒಂದು ಸರ್ಜ್ ಪ್ರೊಟೆಕ್ಟರ್ ಪೆಟ್ಟಿಗೆ ಕೂರಿಸಿದ. ಹಿತ್ತಲಲ್ಲಿ ಆಳವಾದ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಪೆಟ್ಟಿಗೆಯಿಂದ ದಪ್ಪ ತಾಮ್ರದ ತಂತಿಯನ್ನು ಅದರೊಳಕ್ಕೆ ಇಳಿಸಿದ. ಕೊನೆಗೆ ಏಸಿಯಿಂದ ತೊಟ್ಟಿಕ್ಕುವ ನೀರಿನ ಪೈಪನ್ನು ಎಳೆದು ತಂದು ಆ ಗುಂಡಿಯ ಬಾಯಿಗೇ ಬಿಟ್ಟ. ಆಮೇಲೆ ಮನೆಯೊಡತಿಯನ್ನು ಕರೆದು ತಿಳಿಸಿದ. ಈ ಪೆಟ್ಟಿಗೆ ಸಿಡಿಲನ್ನು ತಡೆಯುವುದಿಲ್ಲ, ಮಿತಿಮೀರಿ ಬಂದ ಕರೆಂಟನ್ನು ಮಣ್ಣಿಗೆ ದಾಟಿಸುತ್ತದೆ. ಒಣ ಮಣ್ಣು ಅದನ್ನು ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಗುಂಡಿ ಸದಾ ಹಸಿಯಾಗಿರಲಿ. ಗುಡುಗು ಹತ್ತಿರ ಬಂದರೆ ಏಸಿಯನ್ನು ಆರಿಸಿಬಿಡಿ, ಪೆಟ್ಟಿಗೆಯೇನು ದೇವರಲ್ಲ. ಇಷ್ಟು ಹೇಳಿ ಅವನು ಹೋದ.

ಸಂಜೆ ವ್ಯಾಪಾರಿ ಮನೆಗೆ ಬಂದ. ಪೆಟ್ಟಿಗೆಯನ್ನು ಮುಟ್ಟಿ ನೋಡಿ ಸಂತೋಷಪಟ್ಟ. ಹಿತ್ತಲಿಗೆ ಹೋದವನು ಗುಂಡಿ ನೋಡಿ ಕಿರುಚಿದ.

“ಕರೆಂಟಿನ ತಂತಿ ಇಳಿದ ಕಡೆ ನೀರು ಬಿಟ್ಟಾನಲ್ಲ! ಯಾಂವ ಅವನು? ನಮ್ಮನ್ನ ಕೊಲ್ಲಬೇಕಂತ ಮಾಡ್ಯಾನೇನು?”

“ಬೇಕಂತಲೇ ಬಿಟ್ಟಾರ್ರೀ. ಮಣ್ಣು ಹಸಿ ಇರಬೇಕಂತ. ಒಣಗಿದ್ರ ಪೆಟ್ಟಿಗಿ ಇದ್ದೂ ಇಲ್ಲದಂಗ, ಅಂತ ಹೇಳ್ಯಾರ” ಎಂದಳು ಹೆಂಡತಿ.

“ನಿನಗೇನ್ ತಿಳೀತದ, ಸುಮ್ನಿರು! ಕರೆಂಟು ನೀರು ಕೂಡಿದ ಮನಿ ಉಳಿದದ್ದು ಎಲ್ಲಿ ನೋಡೀದಿ?”

ಅವನು ಕೆಟ್ಟವನಲ್ಲ, ಚನ್ನವೀರ. ಹೆದರಿದ್ದ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡ ಎಂದು ಎಲ್ಲರ ತಾಯಿಯೂ ಹೇಳಿರುತ್ತಾಳೆ. ಅವನ ತಾಯಿಯೂ ಹೇಳಿದ್ದಳು. ಅವನು ಪೈಪನ್ನು ಬೀದಿಯ ಚರಂಡಿಗೆ ತಿರುಗಿಸಿದ. ಗುಂಡಿಯ ಸುತ್ತ ಸಿಮೆಂಟು ಮೆತ್ತಿಸಿದ. ಮೇಲೆ ಕಬ್ಬಿಣದ ಮುಚ್ಚಳ ಕೂರಿಸಿ, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಬೀಗ ತಂದು ಜಡಿದ. ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಹೆದರಿದವನ ಕೈಗೆ ಬೀಗ ಕೊಡಬಾರದು ಅನ್ನುವುದು ಇದಕ್ಕೇ.

ಅಂದಿನಿಂದ ಅವನಿಗೆ ನಿದ್ದೆ ಬಂತು. ಹೆಂಡತಿಯ ನಿದ್ದೆ ಹೋಯಿತು. ಅವಳು ದಿನವೂ ಗಂಡ ಅಂಗಡಿಗೆ ಹೋದ ಮೇಲೆ ಒಂದು ಕೊಡ ನೀರು ತಂದು ಮುಚ್ಚಳದ ಸುತ್ತ ಸುರಿಯುತ್ತಿದ್ದಳು. ಸಿಮೆಂಟು ನೀರು ಕುಡಿಯುತ್ತದೆಯೇ? ಹರಿದು ಹೋಗುತ್ತಿತ್ತು. ಹೊರಗೆ ಲಾರಿ ಹೋದರೂ ಅವಳಿಗೆ ಗುಡುಗಿನಂತೆ ಕೇಳುತ್ತಿತ್ತು. ಓಡಿಬಂದು ಏಸಿಯನ್ನು ಆರಿಸುವಳು. ಕೂಸಿನ ಮೈ ಬಿಸಿಯಾಗುವುದು. ಅಳುಕುತ್ತಲೇ ಮತ್ತೆ ಹಾಕುವಳು. ಆರಿಸಿದರೆ ಕೂಸು, ಆರಿಸದಿದ್ದರೆ ಸಿಡಿಲು. ಆ ತಾಯಿಯ ಸಂಕಟ ಯಾರಿಗೆ ಹೇಳಬೇಕು?

ಒಂದು ಮಧ್ಯಾಹ್ನ ಮುಗಿಲು ಕಪ್ಪಿಟ್ಟಿತು. ಮಳೆಯಿಲ್ಲ, ಗಾಳಿಯಿಲ್ಲ, ಬರಿಯ ಸೆಕೆ. ಬೆಳಗಿನಿಂದ ಸುಡುತ್ತಿದ್ದ ಕೂಸು ಆಗಷ್ಟೇ ಸ್ವಲ್ಪ ತಣ್ಣಗಾಗಿ ಕಣ್ಣು ಮುಚ್ಚಿತ್ತು. ವ್ಯಾಪಾರಿ ಊಟಕ್ಕೆ ಮನೆಗೆ ಬಂದಿದ್ದ. ದೂರದಲ್ಲಿ ಗುಡುಗಿತು. ಆಮೇಲೆ ಹತ್ತಿರದಲ್ಲೇ ಗುಡುಗಿತು. ಹೆಂಡತಿ ಸ್ವಿಚ್ಚಿಗೆ ಕೈ ಚಾಚಿದಳು.

“ಆರಿಸ್ತೀನ್ರೀ. ನನಗ್ಯಾಕೋ ಎದಿ ಹೊಡ್ಕೋತದ.”

“ಬ್ಯಾಡ. ಕೂಸು ಈಗ ತಣ್ಣಗಾಗ್ಯಾದ. ಪೆಟ್ಟಿಗಿ ಅದ, ಬೀಗ ಅದ. ಇನ್ನೇನು ಬರ್ತದ ಒಳಗ?”

ಅವನ ಮಾತು ಬಾಯಲ್ಲಿರುವಾಗಲೇ ಸಿಡಿಲು ಬಡಿಯಿತು. ಬಂದ ಹೊಡೆತವನ್ನು ಪೆಟ್ಟಿಗೆ ಹಿಡಿದು ತಂತಿಗೆ ಕೊಟ್ಟಿತು. ತಂತಿ ಗುಂಡಿಗಿಳಿಸಿತು. ಗುಂಡಿಯ ಮಣ್ಣು ತೆಗೆದುಕೊಳ್ಳಲಿಲ್ಲ. ಹೋಗಲು ದಾರಿಯಿಲ್ಲದೆ ಅದು ಮನೆಯೊಳಕ್ಕೇ ಹರಿಯಿತು. ಪೆಟ್ಟಿಗೆ ಸೀಳಿಹೋಯಿತು, ಏಸಿ ಹೊಗೆಯಾಡಿತು, ದೀಪಗಳೆಲ್ಲ ಒಮ್ಮೆಗೇ ಆರಿದವು.

ಕೂಸಿನ ಮೈ ಮತ್ತೆ ಏರತೊಡಗಿತು. ವ್ಯಾಪಾರಿ ಅದನ್ನು ಎತ್ತಿಕೊಂಡು ಆಸ್ಪತ್ರೆಗೆಂದು ಓಡಿದ. ಬೀದಿಗೆ ಅಡ್ಡಲಾಗಿ ಕಂಬ ಉರುಳಿ, ನೆಲದ ತುಂಬ ತಂತಿ ಹರಡಿತ್ತು. ದಾಟಿದರೆ ಸಾವು. ತಿರುಗಿ ಬಂದ. ಕೂಸಿನ ಕೈಕಾಲು ಅದುರುತ್ತಿದ್ದವು. ಕಳ್ಳರಿಗೆ ಹೆದರದವನು, ಯಾರಿಗೂ ತಲೆ ಬಾಗದವನು, ಬೀದಿಯಲ್ಲಿ ನಿಂತು ನೀರು, ನೀರು ಎಂದು ಕೂಗಿದ.

ನೆರೆಯ ಹೆಂಗಸರು ಕೊಡ ಹೊತ್ತು ಓಡಿಬಂದರು. ತಾಯಿ ತನ್ನ ಸೀರೆಯನ್ನೇ ನೆನೆಸಿ ಕೂಸಿಗೆ ಸುತ್ತಿದಳು. ಒಬ್ಬಳು ಸುರಿದಳು, ಒಬ್ಬಳು ಬೀಸಿದಳು, ಒಬ್ಬಳು ಕೂಸಿನ ಹೆಸರು ಹಿಡಿದು ಕರೆಯುತ್ತಲೇ ಇದ್ದಳು. ಗುಡುಗು ದೂರ ಸರಿಯಿತು. ಆಮೇಲೆ ಮಳೆ ಬಂತು. ತಾಯಿ ಕೂಸನ್ನು ಎದೆಗವಚಿಕೊಂಡು ಅಂಗಳಕ್ಕೆ ಬಂದು ಮಳೆಯಲ್ಲಿ ಕುಳಿತಳು. ಬಹಳ ಹೊತ್ತು ಕುಳಿತಳು. ಕೊನೆಗೊಮ್ಮೆ ಕೂಸು ಕಣ್ಣು ಬಿಟ್ಟಿತು, ಅವ್ವಾ ಎಂದಿತು.

ವ್ಯಾಪಾರಿ ಹಿತ್ತಲಿಗೆ ಹೋದ. ಉಡಿದಾರದಿಂದ ಕೀಲಿ ಬಿಚ್ಚಿ, ತಾನೇ ಜಡಿದ ಬೀಗವನ್ನು ತೆಗೆದ. ಮುಚ್ಚಳ ಎತ್ತಿದ. ಮಳೆಗೆ ಊರೆಲ್ಲ ನೆನೆದಿತ್ತು. ಆ ಗುಂಡಿಯ ಮಣ್ಣು ಮಾತ್ರ ಹಿಟ್ಟಿನಂತೆ ಒಣಗಿತ್ತು. ಅವನು ಮುಚ್ಚಳವನ್ನು ಅತ್ತ ಎಸೆದ. ಚರಂಡಿಗೆ ಬಿಟ್ಟ ಪೈಪನ್ನು ಎಳೆದು ತಂದು ತನ್ನ ಕೈಯಿಂದಲೇ ಗುಂಡಿಗೆ ತಿರುಗಿಸಿದ. ಆಮೇಲೆ ಏಸಿ ರಿಪೇರಿಗೆ ಅದೇ ಮೆಕ್ಯಾನಿಕ್‌ನನ್ನು ಕರೆಯಲು ಹೊರಟ.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರನ ಮುಖ ಬಿಗಿದುಕೊಂಡಿತ್ತು. “ಎಂಥ ದಡ್ಡ, ಗುರುಗಳೇ! ಹಸಿಯಾಗಿರಬೇಕಾದ ಮಣ್ಣನ್ನು ಒಣಗಿಸಿ ಬೀಗ ಹಾಕಿದನಲ್ಲ. ಹೆತ್ತ ಕೂಸನ್ನೇ ಕಳೆದುಕೊಳ್ಳುತ್ತಿದ್ದ. ನಾನಾಗಿದ್ದರೆ ಆ ಪೈಪಿಗೆ ಕೈ ಹಚ್ಚುತ್ತಿರಲಿಲ್ಲ” ಎಂದ.

ಗುರುಗಳು ಕೇಳಿದರು: “ತಮ್ಮನನ್ನು ಮಣ್ಣು ಮಾಡಿ ಬಂದೆಯಲ್ಲ ಚನ್ನವೀರ, ಇನ್ನೂ ಯಾಕೆ ಅತ್ತಿಲ್ಲ?”